ಯಾವ ಬೋರಿನ ಕೋವಿ, ಯಾರ ಹೆಗಲಿಗೆ

ರಾಜಾಜಿನಗರದ ನಮ್ಮ ಬಂದೂಕಿನ ಅಂಗಡಿಗೆ ನನ್ನನ್ನು ಯಾರೂ ನೇಮಿಸಿದವರಲ್ಲ. ಮದುವೆಯಾದ ಹೊಸದರಲ್ಲಿ ಮಾವನವರಿಗೆ ಮಧ್ಯಾಹ್ನ ಊಟದ ಡಬ್ಬಿ ಕೊಂಡೊಯ್ಯುತ್ತಿದ್ದೆ. ಅವರು ಒಳಗಿನ ಕೋಣೆಯಲ್ಲಿ ಊಟ ಮಾಡುವಷ್ಟು ಹೊತ್ತು ಕೌಂಟರಿನಲ್ಲಿ ಕೂರಬೇಕು. "ಯಾರಾದ್ರೂ ಬಂದ್ರೆ ಕೂತ್ಕೊಳ್ಳಿ ಅನ್ನಮ್ಮ, ಏನೂ ಮುಟ್ಟಬೇಡ" ಎನ್ನುತ್ತಿದ್ದರು. ಮೊಸರನ್ನದ ಕೊನೆಯ ತುತ್ತಿಗೆ ಅವರು ಬೆರಳಿನಿಂದ ಡಬ್ಬಿ ಒರೆಸುವ ಸದ್ದು ಕೇಳಿದರೆ ನಾನು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಆ ಇಪ್ಪತ್ತು ನಿಮಿಷ ಬೆಳೆದು ಇಪ್ಪತ್ತೆಂಟು ವರ್ಷವಾಯಿತು. ಯಜಮಾನರು ಬ್ಯಾಂಕಿನವರು, ಅವರಿಗೆ ಅಂಗಡಿಯ ಗ್ರೀಸಿನ ವಾಸನೆಯೇ ಆಗುತ್ತಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು.

ಈಗ ನನ್ನ ಕುರ್ಚಿಯಲ್ಲಿ ನಾದಿನಿಯ ಮಗಳು ಸಹನಾ ಕೂರುತ್ತಾಳೆ. "ಅತ್ತೆ, ರೂಲ್ಸ್ ಎಲ್ಲ ಫೋನಲ್ಲೇ ಸಿಗುತ್ತೆ. ಸಿಗದೇ ಇರೋದನ್ನ ಬರ್ದುಕೊಡಿ" ಎಂದಳು. ಅವಳಿಗೂ, ಇಂಥ ಕೌಂಟರಿನ ಹಿಂದೆ ಮುಂದೆ ಕೂರುವವರಿಗೂ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬಂದವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವ ಬೋರು ತಗೊಳ್ಳಲಿ? ಬೋರು ಎಂದರೆ ನಳಿಗೆಯ ಒಳಗಿನ ಅಳತೆ. ಈ ಪ್ರಶ್ನೆಗೆ ನಾನು ಒಮ್ಮೆ ಬಹಳ ಸರಿಯಾದ ಉತ್ತರ ಕೊಟ್ಟೆ. ಆ ಸರಿಯಾದ ಉತ್ತರದಿಂದಲೇ ಕೆಂಗೇರಿಯ ಆಚೆಯ ಒಬ್ಬ ಹಿರಿಯರ ಮುಖವೂ ಕೈಯೂ ಹೋಗಿಬಿಡುವುದರಲ್ಲಿತ್ತು. ಅದನ್ನು ಹೇಳುವ ಮೊದಲು ನಾನು ಎಂಥ ಪೆದ್ದಿಯಾಗಿ ಶುರುಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಚುನಾವಣೆ ಬಂತೆಂದರೆ ಲೈಸೆನ್ಸುದಾರರೆಲ್ಲ ತಮ್ಮ ಕೋವಿಗಳನ್ನು ಪೊಲೀಸ್ ಠಾಣೆಯಲ್ಲೋ ನಮ್ಮಂಥ ಅಂಗಡಿಯಲ್ಲೋ ಠೇವಣಿ ಇಡಬೇಕು. ಗೋಡೆಯುದ್ದಕ್ಕೂ ಚೀಟಿ ಕಟ್ಟಿದ ಕೋವಿಗಳು ನಿಲ್ಲುತ್ತವೆ. ನಾನು ಬಂದ ಮೇಲಿನ ಮೊದಲ ಚುನಾವಣೆಯಲ್ಲಿ, ಬೇರೆಯವರ ವಸ್ತು ನಮ್ಮಲ್ಲಿರುವಾಗ ಚೊಕ್ಕಟವಾಗಿರಲಿ ಎಂದು, ಮಾವನವರು ಊರಿಗೆ ಹೋಗಿದ್ದ ಎರಡು ದಿನದಲ್ಲಿ ಎಲ್ಲವನ್ನೂ ಒರೆಸಿ ಎಣ್ಣೆ ಹಚ್ಚಿದೆ. ಅಂಗಡಿಯ ಎಣ್ಣೆ ಮುಗಿದಿತ್ತು. ಮನೆಯಿಂದ ಕೊಬ್ಬರಿ ಎಣ್ಣೆ ತಂದೆ. ಹೊಳಪು ನೋಡಬೇಕಿತ್ತು. ಡಿಸೆಂಬರ್ ಬಂತು, ಚಳಿ ಬಿತ್ತು, ಸ್ನಾನದ ಮನೆಯ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ ಎಣ್ಣೆ ಕೋವಿಗಳ ಒಳಗೂ ಗಟ್ಟಿಯಾಯಿತು. ವಾಪಸ್ ಪಡೆಯಲು ಬಂದ ನಿವೃತ್ತ ಸುಬೇದಾರರೊಬ್ಬರು ತಮ್ಮ ರೈಫಲ್ಲಿನ ಬೋಲ್ಟ್ ಎಳೆಯಲು ನೋಡಿದರು, ಬರಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದರು.

"ಏನ್ ಸಾರ್, ನನ್ ರೈಫಲ್ಗೆ ತಲೆಸ್ನಾನ ಮಾಡ್ಸಿದೀರಾ?" ಎಂದು ಮಾವನವರನ್ನು ಕೇಳಿದರು.

ಮಾವನವರು ನನ್ನ ಕಡೆ ನೋಡಲಿಲ್ಲ. "ಬಿಸಿಲಿಗೆ ಇಡೋಣ ಸಾರ್, ಕರಗುತ್ತೆ" ಎಂದರು. ಅವತ್ತು ಸಂಜೆಯವರೆಗೆ ಹದಿನಾಲ್ಕು ಕೋವಿಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆವು. ಅವರು ಬೈಯಲಿಲ್ಲ. ಬಿಚ್ಚುವುದನ್ನು ಕಲಿಸಿದರು. ನನ್ನ ವೃತ್ತಿ ಶುರುವಾದದ್ದು ಆ ಸೀಮೆಎಣ್ಣೆಯ ಬೋಗುಣಿಯಲ್ಲಿ ಎಂದರೆ ತಪ್ಪಲ್ಲ.

ಹೊಸಬರನ್ನು ತಬ್ಬಿಬ್ಬು ಮಾಡುವ ಒಂದು ಸಂಗತಿ ಇದೆ. ರೈಫಲ್ಲಿನಲ್ಲಿ ಅಂಕಿ ದೊಡ್ಡದಾದರೆ ಗುಂಡು ದಪ್ಪ. ಪಾಯಿಂಟ್ ಟೂ ಟೂ ಸಣ್ಣದು, ತ್ರೀ ಫಿಫ್ಟೀನ್ ದೊಡ್ಡದು. ಸಣ್ಣ ಸೀಸದ ಗುಂಡುಗಳನ್ನು ಎರಚುವ ಕೋವಿಯಲ್ಲಿ ಇದು ಉಲ್ಟಾ. ಹನ್ನೆರಡು ಬೋರಿನ ನಳಿಗೆ ಅಗಲ, ಇಪ್ಪತ್ತು ಬೋರಿನದು ಕಿರಿದು. ಸಹನಾ ಮೊದಲ ವಾರ ಇದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಬರೆದುಕೊಳ್ಳಲಿ. ನೆನಪಿದೆ ಎಂದುಕೊಂಡು ತಪ್ಪು ಮಾಡುವವರಿಗಿಂತ ಅಂಗೈ ನೋಡಿಕೊಂಡು ಹೇಳುವವರೇ ಈ ಕೆಲಸಕ್ಕೆ ಒಳ್ಳೆಯವರು.

ಬೋರು ಆರಿಸುವುದಕ್ಕೆ ಮಾವನವರ ಕ್ರಮ ಬೇರೆಯೇ ಇತ್ತು. ಬೇರೆ ಅಂಗಡಿಯವರು ಯಾವ ಪ್ರಾಣಿಗೆ ಎಂದು ಕೇಳುತ್ತಿದ್ದರು. ಮಾವನವರು "ಪ್ರಾಣಿ ಹಿಂದೆ ಏನಿದೆ?" ಎಂದು ಕೇಳುತ್ತಿದ್ದರು. ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎನ್ನುವುದು ಅವರ ಲೆಕ್ಕ. ಆಮೇಲೆ, ಕೋವಿ ಹಿಡಿಯುವ ಮನುಷ್ಯನನ್ನು ಕೌಂಟರಿನಿಂದ ಬಾಗಿಲವರೆಗೆ ಒಂದು ಸಲ ನಡೆಸುತ್ತಿದ್ದರು. ಹೆಗಲು ನೋಡುವುದಕ್ಕೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊಲಿಗೆಯ ಸಿಸ್ಟರು ನಾವು ಹಾಕಿದ ಕಸೂತಿಯ ಹೂವನ್ನು ನೋಡುತ್ತಲೇ ಇರಲಿಲ್ಲ, ಬಟ್ಟೆ ತಿರುಗಿಸಿ ಹಿಂದಿನ ಗಂಟುಗಳನ್ನು ನೋಡಿ ಅಂಕ ಕೊಡುತ್ತಿದ್ದರು. ಮಾವನವರ ಮಾತು ನನಗೆ ಬೇಗ ಅರ್ಥವಾಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಜಯಮ್ಮ ಬಂದದ್ದು ಮಾವನವರು ಹೋದ ಮೇಲೆ, ಮೆಟ್ರೋ ಕೆಂಗೇರಿಯವರೆಗೆ ಓಡತೊಡಗಿದ ಮೇಲೆ. ನಲವತ್ತರ ಆಸುಪಾಸಿನ ಹೆಂಗಸು, ಕೆಂಗೇರಿ ದಾಟಿದರೆ ಬರುವ ಹಳೆಯ ಹಳ್ಳಿಯೊಂದರವರು. ಗಂಡ ಲಗ್ಗೆರೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದರು. ಅಲ್ಲೇ ಹೆಚ್ಚು ಇರುತ್ತಿದ್ದರು. ಉಳಿದ ಎರಡು ಎಕರೆ ಹೊಲ, ಹನ್ನೆರಡು ಕುರಿ ಜಯಮ್ಮನದೇ ಉಸ್ತುವಾರಿ. ಮನೆಯಲ್ಲಿ ಅವರ ಮಾವ ಪುಟ್ಟಸ್ವಾಮಣ್ಣನ ಒಂಟಿ ನಳಿಗೆಯ ಹನ್ನೆರಡು ಬೋರ್ ಕೋವಿ ಇತ್ತು. ಅವರು ನಮ್ಮ ಹಳೆಯ ಗಿರಾಕಿ. ವಯಸ್ಸಾಯಿತು, ಕಿವಿ ಮಂದ. ಹಾಗಾಗಿ ಸೊಸೆಯೂ ಬೆಳೆ ರಕ್ಷಣೆಗೆಂದು ತನ್ನ ಹೆಸರಿನಲ್ಲಿ ಲೈಸೆನ್ಸು ಮಾಡಿಸಿಕೊಂಡು ಬಂದಿದ್ದರು.

"ನಂಗೆ ರೈಫಲ್ ಕೊಡಿ ಮೇಡಂ. ಪೇಪರಲ್ಲಿ ಅಂಗೇ ಬರ್ಸಿದೀನಿ ನೋಡಿ. ದೂರದಿಂದ್ಲೇ ಹೊಡೀಬೋದಂತೆ."

"ಯಾವುದಕ್ಕೆ?"

"ಹಂದಿ ಕಡಲೆಕಾಯಿ ಕೆದಕ್ತಾವೆ. ನರಿ ಬೇರೆ, ಮೊನ್ನೆ ಒಂದು ಮರಿ ಎತ್ಕೊಂಡ್ ಹೋಯ್ತು."

ನರಿಗೆ ಗುಂಡು ಹೊಡೆಯುವ ಹಾಗಿಲ್ಲ, ಹಂದಿಗೂ ಅರಣ್ಯ ಇಲಾಖೆಯ ಕಾಗದ ಬೇಕು ಎಂದು ಹೇಳಿದೆ. ನರಿಗೆ ಸದ್ದು ಸಾಕು. ಆಮೇಲೆ ನಮ್ಮ ಮಾವನವರ ಪ್ರಶ್ನೆ ಕೇಳಿದೆ. ಹೊಲದ ಹಿಂದೆ ಏನಿದೆ?

"ಮುಂಚೆ ಕೆರೆ ಇತ್ತು. ಈಗ ಅಪಾರ್ಟ್‌ಮೆಂಟು."

"ರೈಫಲ್ ಗುಂಡು ಹಂದಿಗೆ ತಾಗ್ದೆ ಹೋದ್ರೆ ಮೈಲಿಗಟ್ಲೆ ಹೋಗುತ್ತೆ ಜಯಮ್ಮ. ಸಣ್ಣ ಟೂ ಟೂ ಆದ್ರೂ ಹೋಗುತ್ತೆ."

"ಅಲ್ಲಿ ಬಾಲ್ಕನೀಲಿ ಬಟ್ಟೆ ಒಣಗಾಕ್ತಾರೆ" ಎಂದರು. ರೈಫಲ್ಲಿನ ಮಾತು ಅಲ್ಲಿಗೆ ಮುಗಿಯಿತು.

"ನಿಮ್ಮ ಮಾವನ ಥರದ್ದೇ ಹನ್ನೆರಡು ಬೋರ್ ತಗೊಳ್ತೀರಾ?" ಎಂದಾಗ "ಊಂ" ಎಂದರು. ಆದರೆ ಕೌಂಟರಿನ ಮೇಲಿಟ್ಟ ಚೀಲವನ್ನು ಎತ್ತಿಕೊಳ್ಳುವಾಗ ಬಲಗೈ ಮುಂದೆ ಬಂದು, ನಿಂತು, ಹಿಂದೆ ಹೋಯಿತು, ಎಡಗೈಯಲ್ಲಿ ಎತ್ತಿದರು. ರವಿಕೆಯ ಅಂಚಿನಲ್ಲಿ ಹಳದಿಗೆ ತಿರುಗಿದ ಪೆಟ್ಟಿನ ಗುರುತು. ಮಾವನ ಕೋವಿಯನ್ನು ಹಾರಿಸಿ ನೋಡಿದ್ದಾರೆ, ಅದು ಹೆಗಲಿಗೆ ಒದ್ದಿದೆ. ಯಾರು ಹಾರಿಸಿದರು ಎಂದು ಕೇಳಿದ್ದರೆ ಕಾನೂನಿನ ತೊಡಕು, ಕೇಳಲಿಲ್ಲ.

ನಮ್ಮಲ್ಲಿ ಒಬ್ಬ ಕಾಫಿ ತೋಟದವರು ಮಾರಲು ಬಿಟ್ಟಿದ್ದ ಹಳೆಯ ಇಪ್ಪತ್ತು ಬೋರ್ ಕೋವಿ ಒಂದಿತ್ತು. ತೂಕ ಕಡಿಮೆ, ಒದೆತವೂ ಕಡಿಮೆ, ಸೀಸ ದೂರ ಹೋಗುವುದಿಲ್ಲ. ಹೆಗಲಿಗೆ ಕೊಟ್ಟೆ. ಕೆನ್ನೆ ಹಿಡಿಯ ಮೇಲೆ ತಾನಾಗಿ ಕೂತಿತು. ಜಯಮ್ಮ ಮೊದಲ ಸಲ ನಕ್ಕರು. "ಮಗೀನ್ ಎತ್ಕೊಂಡಂಗೈತೆ." ಲೈಸೆನ್ಸಿನಲ್ಲಿ ರೈಫಲ್ ಎಂದಿದ್ದುದನ್ನು ಬದಲಾಯಿಸಿಕೊಂಡು ಎರಡು ತಿಂಗಳ ಮೇಲೆ ಬಂದು ಅದನ್ನು ಒಯ್ದರು. ಆ ಸಂಜೆ ಮನೆಗೆ ನಡೆದು ಬರುವಾಗ ನನಗೆ ಹೆಮ್ಮೆಯೇ ಇತ್ತು. ನಮ್ಮ ಮಾವನವರಿದ್ದರೂ ಇದನ್ನೇ ಕೊಡುತ್ತಿದ್ದರು.

ಕೊಡುತ್ತಿದ್ದರು, ಆದರೆ ಜೊತೆಗೆ ಇನ್ನೊಂದು ಮಾತು ಹೇಳುತ್ತಿದ್ದರು. ಅದು ನನಗೆ ತೋಚಲಿಲ್ಲ.

ಮುಂದಿನ ವರ್ಷ ಆಯುಧಪೂಜೆಯ ಮಾರನೆಯ ದಿನ. ನಮ್ಮ ಗಿರಾಕಿಗಳು ಪೂಜೆಯ ಪ್ರಸಾದ ತಂದು ಕೊಡುವ ರೂಢಿ ಇದೆ. ಕೌಂಟರ್ ತುಂಬ ಕಡ್ಲೆಪುರಿಯ ಪೊಟ್ಟಣಗಳು. ಮೂರು ಗಂಟೆಯ ಹೊತ್ತಿಗೆ ಜಯಮ್ಮ ಬಂದರು. ಪುರಿ, ಎರಡು ಬಾಳೆಹಣ್ಣು, ಜೊತೆಗೆ ಒಂದು ತೋಟಾದ ಡಬ್ಬಿ.

"ಪೂಜೆ ನೀರು ಬಿದ್ದು ಇವು ಹಾಳಾಗವೇನೋ ನೋಡಿ ಮೇಡಂ. ನಮ್ಮತ್ತೆ ಎಲ್ಲಾನೂ ಹಿತ್ತಾಳೆ ತಟ್ಟೇಲಿ ಸುರಿದು ಅರಿಶಿನ ಕುಂಕುಮ ಹಾಕವ್ರೆ. ಕುಡ್ಲು, ಮಚ್ಚು, ಪಂಪಿನ ಸ್ಟಾರ್ಟ್ರು, ಯಾವ್ದನ್ನೂ ಬಿಟ್ಟಿಲ್ಲ. ನನ್ ಮೊಬೈಲ್ಗೂ ಇಟ್ಟವ್ರೆ."

ಡಬ್ಬಿ ತೆರೆದೆ. ತೋಟಾದ ಹಿತ್ತಾಳೆ ಬುಡಗಳೆಲ್ಲ ಅರಿಶಿನ ಮೆತ್ತಿ ಒಣಗಿದ್ದವು, ನಡುವೆ ಕುಂಕುಮದ ಬೊಟ್ಟು. ಆ ಸಲ ನಮ್ಮಲ್ಲಿ ಬಂದಿದ್ದ ಎರಡೂ ಬೋರಿನ ತೋಟಾಗಳ ಮೈ ಕೆಂಪೇ. ಜಯಮ್ಮ ಇನ್ನೂ ನಗುತ್ತ ಮಾತಾಡುತ್ತಿದ್ದರು.

"ನಮ್ಮಾವಂದು ಕೇಳಿ. ನೆನ್ನೆ ಸಾಯಂಕಾಲ ಹಂದಿ ಬಂತು ಅಂತ ಕೋವಿ ಕುದುರೆ ಎಳೆದವ್ರೆ, ಟಕ್ ಅಂದು ಸುಮ್ಕಾಯ್ತಂತೆ. ಕೀಲತ್ರ ಮುರಿದು ತೆಗೆದು ನೋಡಿದ್ರೆ ಕೋವಿ ಖಾಲಿ. ತೋಟಾನೇ ಹಾಕಿಲ್ಲ. 'ಹಾಕಿದ್ದೆ ಕಣಮ್ಮಿ' ಅಂತವ್ರೆ. ಹಾಕಿದ್ರೆ ಎಲ್ಲಿಗೋಯ್ತು, ಹಂದಿ ತಿಂದ್‌ಬುಡ್ತಾ? ಆಮ್ಯಾಲೆ ಇನ್ನೊಂದು ಹಾಕೋ ಹೊತ್ಗೆ ಹಂದಿ ಓಡೋಗಿತ್ತು."

ನಾನು ಒಂದು ತೋಟಾ ತೆಗೆದು ಬುಡವನ್ನು ಸೆರಗಿನಿಂದ ಒರೆಸಿದೆ. ಹನ್ನೆರಡು. ಇನ್ನೊಂದು. ಹನ್ನೆರಡು. ಮೂರನೆಯದು ಬೆರಳಿಗೆ ಸ್ವಲ್ಪ ತೆಳ್ಳಗೆ ತಗುಲಿತು. ಒರೆಸಿದೆ. ಇಪ್ಪತ್ತು.

ಇದನ್ನು ಸಹನಾ ಅಂಗೈ ಮೇಲಲ್ಲ, ಬೇರೆ ಎಲ್ಲಾದರೂ ಅಳಿಸದ ಹಾಗೆ ಬರೆದುಕೊಳ್ಳಬೇಕು. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಅದು ತೋಟಾ ಕೂರುವ ಜಾಗದಲ್ಲಿ ನಿಲ್ಲುವುದಿಲ್ಲ. ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಟಕ್ ಎನ್ನುತ್ತದೆ, ಅಷ್ಟೇ. ಕೀಲಿನ ಹತ್ತಿರ ಮುರಿದು ತೆರೆದು ನೋಡಿದರೆ ಜಾಗ ಖಾಲಿ. ಮರೆತೆನೆಂದುಕೊಂಡು ಹನ್ನೆರಡರ ತೋಟಾ ಹಾಕಿದರೆ ಅದು ಸರಿಯಾಗಿ ಕೂರುತ್ತದೆ. ಈ ಸಲ ಎಳೆದರೆ ಹಿಂದಿನದು ಹೋಗಿ ಮುಂದಿನದಕ್ಕೆ ಬಡಿಯುತ್ತದೆ, ಹಾರಿಸಿದವನ ಎಡಗೈ ಹಿಡಿದಿರುವ ಜಾಗದಲ್ಲೇ ನಳಿಗೆ ಸಿಡಿಯುತ್ತದೆ.

"ಆ ಕೋವಿ ಈಗ ಎಲ್ಲಿದೆ?"

"ಮಾವನತ್ರ. ಹೊಲದಾಗವ್ರೆ. ಈಗ ಹಗಲು ಹೊತ್ತಲ್ಲೇ ಬತ್ತವಲ್ಲ ಹಂದಿ."

"ಎರಡನೇ ತೋಟಾ?"

"ಅದ್ರಾಗೇ ಐತೆ. ಯಾಕ್ ಮೇಡಂ?"

ಹೇಳಿದೆ. ಜಯಮ್ಮ ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿದರು. ಫೋನ್ ಮಾಡಿದರು, ರಿಂಗಾಯಿತು, ರಿಂಗಾಯಿತು. "ಪಂಪ್ ಮನೇಲಿ ಮೊಳೆಗೆ ನೇತಾಕಿರ್ತಾರೆ. ಎತ್ತಾಕಿಲ್ಲ." ಅತ್ತೆಗೆ ಮಾಡಿದರು, ಅವರು ಪ್ರಸಾದ ಹಂಚಲು ಚಂದ್ರಾ ಲೇಔಟಿನ ಮಗಳ ಮನೆಗೆ ಹೋಗಿದ್ದರು.

"ಹೊಲದ ಹತ್ರ ಯಾರಿದಾರೆ ಜಯಮ್ಮ? ಕಣ್ಣಿಗೆ ಕಾಣೋ ಅಷ್ಟು ಹತ್ರ?"

ಅವರು ಯೋಚಿಸಿದರು. "ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ. ಮಲ್ಲಪ್ಪ ಅಂತ, ಬಾದಾಮಿ ಕಡೆಯೋನು. ಹಂದಿ ಕಂಡ್ರೆ ಮಿಸ್ ಕಾಲ್ ಕೊಡ್ತಾನೆ."

ಮಲ್ಲಪ್ಪ ಎರಡನೇ ರಿಂಗಿಗೇ ಎತ್ತಿದ. ಫೋನ್ ನನ್ನ ಕೈಗೆ ಬಂತು. ಗಾಬರಿಯಲ್ಲಿ ಜೋರಾಗಿ ಮಾತಾಡುವವರ ಮಾತು ಅರ್ಧ ಕೇಳಿಸುತ್ತದೆ. ನಾನು ನಿಧಾನವಾಗಿ ಹೇಳಿದೆ.

"ಮಲ್ಲಪ್ಪನವರೇ, ಪುಟ್ಟಸ್ವಾಮಣ್ಣ ಕಾಣ್ತಿದಾರಾ?"

"ಹೌದ್ರೀ, ಬದುವಿನ ಮ್ಯಾಲ ಕುಂತಾರ. ಕೋವಿ ತೊಡಿ ಮ್ಯಾಲ ಐತಿ."

"ಓಡಿ. ಅವರ ಮುಂದೆ ಹೋಗಬೇಡಿ, ಹಿಂದಿನಿಂದ ಹೋಗಿ. ಹೆಗಲು ಮುಟ್ಟಿ. ಕೋವಿ ಹಾರಿಸಬಾರದು. ನೆಲದ ಮೇಲೆ ಇಡಿಸಿ, ನಳಿಗೆಯ ಬಾಯಿ ಮಣ್ಣಿನ ಗುಡ್ಡೆ ಕಡೆಗಿರಲಿ. ನೀವೂ ಅವರೂ ಮತ್ತೆ ಮುಟ್ಟಬೇಡಿ."

"ಯಾಕ್ರೀ, ಏನಾಗೇತಿ?"

"ಒಡೆದುಹೋಗುತ್ತೆ."

ಅವನು ಮತ್ತೇನೂ ಕೇಳಲಿಲ್ಲ. ಫೋನಿನಲ್ಲಿ ಬೂಟಿನ ಸದ್ದು, ಏದುಸಿರು, ಆಮೇಲೆ ಕಟ್ಟಾಯಿತು.

ಅಂಗಡಿಗೆ ಬೀಗ ಹಾಕಿ, ನಳಿಗೆ ಒರೆಸುವ ಮರದ ಕೋಲು ತೆಗೆದುಕೊಂಡು ಆಟೋ ಹತ್ತಿದೆವು. ಬಸವೇಶ್ವರನಗರ ದಾಟಿದರೂ ಮಲ್ಲಪ್ಪನ ಫೋನ್ ಇಲ್ಲ. ಜಯಮ್ಮ ಮಾಡಿದರೆ ಅವನು ಎತ್ತುತ್ತಿಲ್ಲ. ಅವರ ಬೆರಳಿನ ಉಗುರಿನ ಸಂದಿಯಲ್ಲಿ ನಿನ್ನೆಯ ಅರಿಶಿನ ಇನ್ನೂ ಇತ್ತು. ಅದನ್ನೇ ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತ ಕೂತಿದ್ದರು. ನಾನು ಕೊಟ್ಟ ಕೋವಿ, ನಾನೇ ಕೊಟ್ಟ ತೋಟಾ. ಒಂದೇ ಮನೆಯಲ್ಲಿ ಎರಡು ಬೋರು ಸೇರಿಸಿದವಳು ನಾನು. ಅತ್ತೆ ಮಾಡಿದ್ದು ಪೂಜೆ ಮಾತ್ರ.

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಆಂಟಿ, ಯಾರ್ಗಾದ್ರೂ ಏನಾದ್ರೂ ಆಗಿದ್ಯಾ?"

"ಇನ್ನೂ ಇಲ್ಲಪ್ಪ" ಎಂದೆ.

ಅವನು ಏನರ್ಥ ಮಾಡಿಕೊಂಡನೋ, ಸಿಗ್ನಲ್ ಬಿಟ್ಟು ಸಂದಿಗಳಿಗೆ ನುಗ್ಗಿಸಿದ. ನಾಯಂಡಹಳ್ಳಿಯ ಹತ್ತಿರ ಫೋನ್ ಬಂತು. ಮಲ್ಲಪ್ಪ ಮಾತಾಡುವ ಮೊದಲು ಹಿಂದಿನಿಂದ ಮುದುಕರೊಬ್ಬರು ಬೈಯುವುದು ಕೇಳಿಸಿತು. ಜಯಮ್ಮ ಕಣ್ಣು ಮುಚ್ಚಿಕೊಂಡರು. ಬೈಯುತ್ತಿದ್ದಾರೆಂದರೆ ಇದ್ದಾರೆ.

"ಇಡಿಸೇನ್ರೀ. ಬಾಳ ಸಿಟ್ಟಾಗ್ಯಾರ. ಹಂದಿ ಎದುರಿಗೇ ಇತ್ತಂತ, ಕೋವಿ ಎತ್ಯಾರ, ನಾ ಹೋಗಿ ತೋಳು ಹಿಡಿದೆ."

ನಾವು ತಲುಪಿದಾಗ ಪುಟ್ಟಸ್ವಾಮಣ್ಣ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಮಲ್ಲಪ್ಪ ಯೂನಿಫಾರ್ಮಿನ ಪ್ಯಾಂಟಿಗೆಲ್ಲ ಮುಳ್ಳು ಮೆತ್ತಿಸಿಕೊಂಡು ಕೋವಿಯಿಂದ ಹತ್ತು ಹೆಜ್ಜೆ ದೂರ ಕಾವಲು ನಿಂತಿದ್ದ.

"ಬಂದ್ಯಾ ತಾಯಿ?" ಎಂದರು ಹಿರಿಯರು ನನಗೆ. "ಈ ಪೀಪಿ ಊದೋನು ಬಂದು ನನ್ ಹಂದಿ ಓಡಿಸ್ಬುಟ್ಟ."

ನಾನು ಪಕ್ಕದಿಂದ ಹೋಗಿ ಕೋವಿ ಎತ್ತಿ ಮುರಿದೆ. ಹನ್ನೆರಡರ ತೋಟಾ ಹೊರಗೆ ಬಂತು. ನಳಿಗೆಯ ಹಿಂಭಾಗವನ್ನು ಆಕಾಶದ ಕಡೆ ಎತ್ತಿ ಪುಟ್ಟಸ್ವಾಮಣ್ಣನ ಕಣ್ಣಿಗೆ ತೋರಿಸಿದೆ. ಖಾಲಿ ನಳಿಗೆಯಾದರೆ ಆಚೆ ತುದಿಯಲ್ಲಿ ಬಿಳಿಯ ಬಿಲ್ಲೆ ಕಾಣಬೇಕು. ಕತ್ತಲೆ ಕಂಡಿತು. ಅವರು ಇನ್ನೊಮ್ಮೆ ನೋಡಿದರು. ಆಮೇಲೆ ನಾನು ಬಾಯಿಯ ಕಡೆಯಿಂದ ಕೋಲು ಇಳಿಸಿ ಮೆಲ್ಲಗೆ ಒತ್ತಿದೆ. ಒಂದು ಕೆಂಪು ತೋಟಾ ಜಾರಿ ಜಯಮ್ಮ ಹಿಡಿದ ಸೆರಗಿಗೆ ಬಿತ್ತು, ಬುಡದಲ್ಲಿ ಕುಂಕುಮದ ಬೊಟ್ಟು ಹಾಗೇ ಇತ್ತು.

"ನಾನ್ ಹಾಕಿದ್ದೆ ಅಂದ್ನಲ್ಲ" ಎಂದರು ಪುಟ್ಟಸ್ವಾಮಣ್ಣ, ಸೊಸೆಗೆ. "ನೀನು ನಕ್ಕೆ."

ಜಯಮ್ಮ ಅಲ್ಲೇ ಕೂತು ಅತ್ತರು. ಹಿರಿಯರು ಏನು ಮಾಡಬೇಕೆಂದು ತಿಳಿಯದೆ ಮಲ್ಲಪ್ಪನನ್ನು ನೋಡಿದರು. "ಕೂತ್ಕಳಯ್ಯ, ನಿಂತೇ ಇದೀಯ. ಕಡಲೆಕಾಯಿ ಕಿತ್ಕೊ" ಎಂದರು.

ತಪ್ಪು ನನ್ನದು ಎಂದು ಅವರಿಗೆ ಅಲ್ಲಿಯೇ ಹೇಳಿದೆ. ಹಿರಿಯರು ತಮ್ಮ ಕಿವಿಯ ಹತ್ತಿರ ಕೈ ತಂದು ಪೂರ್ತಿ ಕೇಳಿಸಿಕೊಂಡರು. ಒಂದು ಮನೆಗೆ ಒಂದೇ ಬೋರು ಇರಬೇಕು ಎಂದೆ. ಅವರು ತಮ್ಮ ಕೋವಿಯ ಹಿಡಿಯನ್ನು ಉಜ್ಜಿದರು. ನಲವತ್ತು ವರ್ಷ ಅವರ ಕೆನ್ನೆ ತಾಗಿ ಆ ಜಾಗದ ಪಾಲಿಶ್ ಹೋಗಿ ಮರ ಬೆಳ್ಳಗಾಗಿತ್ತು.

"ಹೊಲ ಕಾಯೋಳು ಅವಳು. ಅವಳ್ದು ಇರ್ಲಿ" ಎಂದರು. ಮಾರನೆಯ ದಿನ ಸೊಸೆಯ ಜೊತೆ ಬಂದು ತಮ್ಮದನ್ನು ನಮ್ಮಲ್ಲಿ ಠೇವಣಿ ಇಟ್ಟರು. ಚುನಾವಣೆ ಯಾವುದೂ ಇರಲಿಲ್ಲ.

ಈ ಘಟನೆಯಾದ ಮೇಲೆ ನಾನು ಕೆಲವು ಪದ್ಧತಿ ಬದಲಾಯಿಸಿದೆ. ಆಯುಧಪೂಜೆಗೆ ಮುಂಚಿನ ವಾರ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಕುಂಕುಮ ಮರದ ಹಿಡಿಗೆ ಮಾತ್ರ, ತೋಟಾ ಪೂಜೆಗೆ ಇಡಬೇಡಿ ಎಂದು ಹೇಳತೊಡಗಿದೆ. ಮೊದಲು ನಕ್ಕರು. ಈಗ ಕೆಲವರ ಮನೆಯಲ್ಲಿ ಅದೂ ಪೂಜೆಯ ಒಂದು ನೇಮವೇ ಆಗಿದೆಯಂತೆ. ಲೈಸೆನ್ಸಿನ ಕಾಗದದ ಪುಸ್ತಕಗಳೆಲ್ಲ ಹೋಗಿ ಎಲ್ಲವೂ ಕಂಪ್ಯೂಟರಿಗೆ ಬಂದಿದೆ. ಒಬ್ಬ ಲೈಸೆನ್ಸುದಾರನ ಬಳಿ ಯಾವ ಕೋವಿ ಇದೆ ಎಂದು ಅದು ಕ್ಷಣದಲ್ಲಿ ಹೇಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಒಬ್ಬೊಬ್ಬರ ಹೆಸರು. ಮಾವ, ಸೊಸೆ, ಭಾವ ಒಂದೇ ಕಪಾಟಿನಲ್ಲಿ ಏನೇನು ಇಡುತ್ತಾರೆ ಎಂದು ಗೊತ್ತಿಲ್ಲ.

ಹೋದ ತಿಂಗಳು ನಾನು ಅಂಗಡಿಯಲ್ಲಿ ಕೂತ ಕೊನೆಯ ದಿನ, ಸಹನಾಳಿಗೆಂದು ಡಬ್ಬಿ ತಂದಿದ್ದೆ, ಅವಳು ಊಟಕ್ಕೆ ಏಳಬೇಕಿತ್ತು. ಅಷ್ಟರಲ್ಲಿ ಒಬ್ಬ ಯುವಕ ಬಂದ. ಹೊಸಹಳ್ಳಿಯಲ್ಲಿ ಮನೆ, ಮಾಗಡಿ ಕಡೆ ಜಮೀನು. ಫೋನಿನಲ್ಲಿ ಏನೇನೋ ಓದಿಕೊಂಡು ಬಂದಿದ್ದ.

"ಯಾವ ಬೋರು ಬೆಸ್ಟು ಮೇಡಂ?" ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲು ಸಹನಾ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಅಲ್ಲಿಂದ ಬಾಗಿಲವರೆಗೆ ಒಂದು ಸಲ ನಡೀರಿ ಸಾರ್" ಎಂದಳು. ಅವನು ನಾಚಿಕೊಂಡು ನಡೆದ. "ಹೊಲದ ಹಿಂದೆ ಏನಿದೆ?" ಎಂದು ಕೇಳಿದಳು. ಅವನು ಹೇಳಿದ. ಗೋಡೆಯಿಂದ ಒಂದು ಕೋವಿ ಇಳಿಸಲು ಕೈ ಚಾಚಿದವಳು ಹಾಗೆಯೇ ನಿಂತು ಅವನ ಕಡೆ ತಿರುಗಿದಳು.

"ನಿಮ್ಮನೇಲಿ ಬೇರೆ ಯಾರ ಹತ್ರ ಕೋವಿ ಇದೆ?"

"ನಮ್ ದೊಡ್ಡಪ್ಪಂದು ಇದೆ. ಯಾಕೆ?"

"ಅವರ ತೋಟಾ ಒಂದನ್ನ ಕಣ್ಣಾರೆ ನೋಡಿ, ಬುಡದಲ್ಲಿ ಏನು ಬರೆದಿದೆ ಅಂತ ಫೋನ್ ಮಾಡಿ ಹೇಳಿ. ಅಲ್ಲೀವರೆಗೂ ನಾನು ಏನೂ ತೋರ್ಸಲ್ಲ."

ಅವನು ನನ್ನ ಕಡೆ ನೋಡಿದ, ನಾನು ಏನಾದರೂ ಹೇಳುತ್ತೇನೆಂದು. ನಾನು ಎದ್ದು, ಒಳಗಿನ ಕೋಣೆಗೆ ಹೋಗಿ, ಮಾವನವರು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು, ಆ ಡಬ್ಬಿಯ ಮೊಸರನ್ನವನ್ನು ನಾನೇ ಊಟ ಮಾಡಿದೆ.